80 ಕಿಲೋಮೀಟರಿನ ಭರವಸೆ, 100 ಕಿಲೋಮೀಟರಿನ ದಾರಿ: ಕಾರು ಇರುವವರಲ್ಲಿ ಒಂದು ಮನವಿ

ಹೊಸ ಕಾರಿನ ಡಿಕ್ಕಿಯ ಹಾಸು ಎತ್ತಿ ನೋಡಿದವರಿಗೆ ಈಚಿನ ವರ್ಷಗಳಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ಅಲ್ಲಿ ಸ್ಟೆಪ್ನಿ ಇರುವುದಿಲ್ಲ. ಅದರ ಜಾಗದಲ್ಲಿ ಗಾಳಿ ತುಂಬುವ ಪುಟ್ಟ ಪಂಪು, ಅಂಟುದ್ರವದ ಒಂದು ಡಬ್ಬಿ. ಕೆಲವು ಕಾರುಗಳಲ್ಲಿ ಅದೂ ಇಲ್ಲ.

ಇದು ಕಂಪನಿಯವರ ಮೋಸವಲ್ಲ. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಮೂರೂವರೆ ಟನ್ ಒಳಗಿನ ಕಾರಿನಲ್ಲಿ ಟ್ಯೂಬ್‌ಲೆಸ್ ಟೈರು, ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಮತ್ತು ಪಂಚರ್ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ಬಿಎಂಡಬ್ಲ್ಯು, ಮಿನಿಯಂಥ ಕಾರುಗಳ ಹಲವು ಮಾದರಿಗಳು ಅದಕ್ಕೂ ಮೊದಲೇ ಸ್ಟೆಪ್ನಿ ಬಿಟ್ಟು ರನ್-ಫ್ಲ್ಯಾಟ್ ಟೈರನ್ನು ನಂಬಿಕೊಂಡಿದ್ದವು.

ರನ್-ಫ್ಲ್ಯಾಟ್ ಟೈರಿನ ಗುಟ್ಟು ಅದರ ಪಕ್ಕೆಯಲ್ಲಿದೆ. ಮಾಮೂಲಿ ಟೈರಿನಲ್ಲಿ ಕಾರಿನ ಭಾರ ಹೊರುವುದು ಒಳಗಿನ ಗಾಳಿ. ಗಾಳಿ ಹೋದರೆ ಪಕ್ಕೆ ಮಡಚಿ, ರಿಮ್ಮು ನೆಲಕ್ಕೆ ತಾಗುತ್ತದೆ. ರನ್-ಫ್ಲ್ಯಾಟಿನ ಪಕ್ಕೆಗೆ ದಪ್ಪನೆಯ, ಗಟ್ಟಿ ರಬ್ಬರಿನ ಒಳಪದರ ಇರುತ್ತದೆ. ಗಾಳಿ ಪೂರ್ತಿ ಹೋದರೂ ಆ ಪಕ್ಕೆ ಸ್ವಲ್ಪ ದೂರದವರೆಗೆ ಕಾರನ್ನು ಹೊರುತ್ತದೆ. ಸಾಮಾನ್ಯವಾಗಿ ಕಂಪನಿಗಳು ಹೇಳುವ ಲೆಕ್ಕ ಹೀಗೆ: ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ, ಹೆಚ್ಚೆಂದರೆ 80 ಕಿ.ಮೀ. ದೂರ. ಕಾರಿನ ತುಂಬ ಜನ, ಕಾದ ರಸ್ತೆ, ಗುಂಡಿಗಳು ಈ ಲೆಕ್ಕವನ್ನು ಇನ್ನೂ ಕುಗ್ಗಿಸುತ್ತವೆ.

ಈ 80ನ್ನು ನಮ್ಮ ತುಮಕೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಮೇಲೆ ಇಟ್ಟು ನೋಡೋಣ. ಕೊರಟಗೆರೆಯಿಂದ ತುಮಕೂರಿಗೆ 25 ಕಿ.ಮೀ. ಆಸುಪಾಸು. ಮಧುಗಿರಿಯಿಂದ ಸುಮಾರು 45. ಶಿರಾದಿಂದ ಸುಮಾರು 50, ಅದೂ ರಾಷ್ಟ್ರೀಯ ಹೆದ್ದಾರಿ. ಈ ಮೂರೂ ಊರಿನವರು ನಿಧಾನವಾಗಿ ಹೋದರೆ ಗಾಳಿಯಿಲ್ಲದ ಟೈರಿನಲ್ಲೂ ಜಿಲ್ಲಾ ಕೇಂದ್ರ ಮುಟ್ಟಬಹುದು. ಆದರೆ ಪಾವಗಡದಿಂದ ತುಮಕೂರು ಸುಮಾರು 100 ಕಿ.ಮೀ. ಮೂರು ಕಡೆ ಆಂಧ್ರದ ಗಡಿ. ಮಿಡಿಗೇಶಿಯ ಕಡೆಯ ದಾರಿಯಲ್ಲಿ ರಾತ್ರಿ ಹತ್ತರ ಮೇಲೆ ಬಂದವರಿಗೆ ಗೊತ್ತು, ಅಲ್ಲಿ ಟೈರ್ ಅಂಗಡಿಯ ಮಾತಿರಲಿ, ಟೀ ಅಂಗಡಿಯೂ ತೆರೆದಿರುವುದು ಅಪರೂಪ. ಕಂಪನಿಯ ಭರವಸೆ ಹೆಚ್ಚೆಂದರೆ ಕೊರಟಗೆರೆಯ ಆಸುಪಾಸಿಗೆ ಬಂದು ಮುಗಿಯುತ್ತದೆ. ದಾರಿ ಮುಗಿದಿರುವುದಿಲ್ಲ.

ಆದ್ದರಿಂದ ಓದುಗರೇ, ಟೈರನ್ನು ಯಾವಾಗ ಬದಲಾಯಿಸಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನ ಷೋರೂಮಿನ ಉತ್ತರ ನಮಗೆ ಸಾಲದು. ನಮ್ಮ ದಾರಿ ನೋಡಿ ನಾವೇ ತೀರ್ಮಾನಿಸಬೇಕು. ಅದಕ್ಕೆ ಬೇಕಾದ ಕೆಲವು ಸಂಗತಿಗಳನ್ನು ತಮ್ಮ ಮುಂದಿಡಲು ಇಷ್ಟು ಬರೆಯುತ್ತಿದ್ದೇನೆ.

ಮೊದಲು ತಮ್ಮ ಕಾರಿನಲ್ಲಿರುವುದು ಯಾವ ಟೈರು ಎಂದು ತಿಳಿಯಿರಿ. ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ, ನಾಚಿಕೆಪಡುವ ವಿಷಯವೂ ಅಲ್ಲ. ಟೈರಿನ ಪಕ್ಕೆಯ ಮೇಲಿನ ಇಂಗ್ಲಿಷ್ ಅಕ್ಷರಗಳಲ್ಲಿ ಆರ್‌ಎಸ್‌ಸಿ, ಆರ್‌ಎಫ್‌ಟಿ, ಝಡ್‌ಪಿ, ಎಸ್‌ಎಸ್‌ಆರ್ ಅಥವಾ ಆರ್‌ಓಎಫ್ ಎಂದಿದ್ದರೆ ಅದು ರನ್-ಫ್ಲ್ಯಾಟ್. ಅಲ್ಲೇ ನಾಲ್ಕು ಅಂಕಿಗಳ ಒಂದು ಸಂಖ್ಯೆಯೂ ಇರುತ್ತದೆ. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ, ಅಂದರೆ ಜೂನಿನಲ್ಲಿ ತಯಾರಾದದ್ದು ಎಂದರ್ಥ. ಒಂದು ಪಕ್ಕದಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಕಾರು ಹೊಸದಾದರೂ ಟೈರು ಅದಕ್ಕಿಂತ ಹಳೆಯದಿರಬಹುದು. ಕಾರು ಮನೆಗೆ ತರುವ ದಿನವೇ ಈ ಅಂಕಿಗಳನ್ನು ಬರೆದುಕೊಳ್ಳಿ. ಪಾವಗಡದ ಶನಿಮಹಾತ್ಮನ ಗುಡಿಗೋ ಗೊರವನಹಳ್ಳಿಗೋ ಒಯ್ದು, ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿಸುವಾಗ ಬಗ್ಗಿಯೇ ಬಗ್ಗುತ್ತೇವೆ. ಆಗಲೇ ಓದಿಬಿಡಬಹುದು.

ಇನ್ನು ಬದಲಾವಣೆಯ ಸಮಯ. ಗಾಳಿಯಿಲ್ಲದೆ ಓಡಿದ ರನ್-ಫ್ಲ್ಯಾಟ್ ಟೈರನ್ನು ಮತ್ತೆ ನಂಬಬೇಡಿ. ಈ ಮನವಿಯಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಗಾಳಿಯಿಲ್ಲದಾಗ ಪಕ್ಕೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ. ಆ ತಿಕ್ಕಾಟದ ಬಿಸಿಗೆ ಒಳಗಿನ ರಬ್ಬರು ಸುಟ್ಟು ಪುಡಿಯಾಗತೊಡಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ. ಹಲ್ಲು ಚೆನ್ನಾಗಿದೆ, ಹೊಳಪೂ ಇದೆ, ಪಂಚರ್ ಹಾಕಿ ಗಾಳಿ ಹಿಡಿಸಿದರೆ ನಿಲ್ಲುತ್ತದೆ. ಎರಡು ವಾರದ ನಂತರ ಹಿರಿಯೂರಿನ ಕಡೆಯಿಂದ ನೂರರ ವೇಗದಲ್ಲಿ ಬರುವಾಗ ಆ ಪಕ್ಕೆ ಏನು ಮಾಡುತ್ತದೆ ಎಂದು ಯಾರೂ ಹೇಳಲಾರರು. ಮೊಳೆ ಚುಚ್ಚಿದ್ದನ್ನು ಬೇಗ ಗಮನಿಸಿ, ಒತ್ತಡ ತೀರ ಇಳಿಯುವ ಮೊದಲೇ ನಿಲ್ಲಿಸಿದ್ದರೆ ಕೆಲವು ಕಂಪನಿಗಳು ರಿಪೇರಿಗೆ ಒಪ್ಪುತ್ತವೆ. ಟೈರು ಕಳಚಿ ಒಳಭಾಗ ನೋಡಿದ ಮೇಲೆ ಮಾತ್ರ. ಕೆಲವು ಕಂಪನಿಗಳು ಯಾವ ರಿಪೇರಿಯನ್ನೂ ಒಪ್ಪುವುದಿಲ್ಲ. ತಮ್ಮ ಕಾರಿನ ಕೈಪಿಡಿ ಏನು ಹೇಳುತ್ತದೆಯೋ ಅದೇ ಕಡೆಯ ಮಾತು.

ಇದರ ಜೊತೆಗೆ ಇನ್ನೊಂದು ಅಪಾಯವಿದೆ. ಪಕ್ಕೆ ಗಟ್ಟಿಯಿರುವುದರಿಂದ ಗಾಳಿ ಹೋದದ್ದು ಓಡಿಸುವವರಿಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ಸ್ಟೀರಿಂಗ್ ಅಷ್ಟಾಗಿ ಎಳೆಯುವುದಿಲ್ಲ, ಸದ್ದೂ ಹೆಚ್ಚು ಬರುವುದಿಲ್ಲ. ಹೇಳುವುದು ಒಂದೇ, ಮೀಟರಿನ ಮೇಲೆ ಹೊತ್ತಿಕೊಳ್ಳುವ ಮಡಕೆಯಾಕಾರದ ಹಳದಿ ಗುರುತು, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಅದು ಹೊತ್ತಿದಾಗ "ಸೆನ್ಸರ್ ಕೆಟ್ಟಿರಬೇಕು" ಎಂದು ಸುಮ್ಮನಾಗಬೇಡಿ. ಹೊತ್ತಿದಾಗ ಎಷ್ಟು ಕಿಲೋಮೀಟರ್ ಆಗಿತ್ತೆಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಮುಂದೆ ಟೈರ್ ಅಂಗಡಿಯವರು "ಎಷ್ಟು ದೂರ ಓಡಿಸಿದಿರಿ ಸಾರ್?" ಎಂದಾಗ ಊಹೆ ಹೇಳಬೇಕಾಗುವುದಿಲ್ಲ.

ಸವೆತದ ವಿಷಯ ಎಲ್ಲ ಟೈರಿಗೂ ಒಂದೇ. ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮದ ಪ್ರಕಾರ ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಆಳವಿರಕೂಡದು. ಅಳೆಯಲು ಸಾಧನವೇನೂ ಬೇಡ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿವೆ. ಮೇಲ್ಮೈ ಸವೆದು ಅವುಗಳ ಸಮಕ್ಕೆ ಬಂದರೆ ಕಾನೂನಿನ ಗಡಿ ಬಂತು. ಆದರೆ ಅಲ್ಲಿವರೆಗೂ ಕಾಯಬೇಡಿ ಎಂಬುದು ನನ್ನ ಅಭಿಪ್ರಾಯ. ನಮ್ಮದು ಒಣ ಸೀಮೆ. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ದೂಳು, ಎಣ್ಣೆ ಕೂತಿರುತ್ತದೆ. ಮೊದಲ ಮಳೆ ಬಿದ್ದ ಅರ್ಧ ಗಂಟೆ ಅದು ಜಾರುತ್ತದೆ. ಗೀರು 3 ಮಿಲಿಮೀಟರಿಗೆ ಬಂದಾಗಲೇ ಹಣ ಹೊಂದಿಸತೊಡಗಿ. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ತಿಳಿದವರಿಂದ ನೋಡಿಸಬೇಕು. ಬಿಸಿಲಲ್ಲೇ ನಿಲ್ಲುವ ಕಾರಿನ ಟೈರು ಓಡದೆಯೂ ಬಿರುಕು ಬಿಡುತ್ತದೆ. ಪಕ್ಕೆಯಲ್ಲಿ ಗುಳ್ಳೆಯೆದ್ದಿದ್ದರೆ ವಯಸ್ಸು, ಸವೆತ ಯಾವುದನ್ನೂ ಕೇಳಬೇಡಿ. ಅಂದೇ ಬದಲಿಸಿ.

ಹೊಸ ಕಾರು ಕೊಂಡವರು ಕೇಳುವ ಪ್ರಶ್ನೆ ಬೇರೆ. "ರನ್-ಫ್ಲ್ಯಾಟ್ ಬಹಳ ಕುಲುಕುತ್ತದೆ, ಈಗಲೇ ತೆಗೆಸಿ ಮಾಮೂಲಿ ಟೈರ್ ಹಾಕಿಸಲೇ?" ಕುಲುಕುವುದು ನಿಜ. ಗಟ್ಟಿ ಪಕ್ಕೆ ಗುಂಡಿಯ ಹೊಡೆತವನ್ನು ನುಂಗುವುದಿಲ್ಲ, ನಮ್ಮ ಸೊಂಟಕ್ಕೇ ದಾಟಿಸುತ್ತದೆ. ಆದರೂ ಚೆನ್ನಾಗಿರುವ ನಾಲ್ಕು ಟೈರನ್ನು ತೆಗೆದೆಸೆಯಲು ನಾನಂತೂ ಹೇಳಲಾರೆ. ಮೊದಲು ಗಾಳಿಯ ಒತ್ತಡ ಸರಿಯಿದೆಯೇ ನೋಡಿಸಿ. ಕುಲುಕಾಟಕ್ಕೆ ಹೆಚ್ಚು ಗಾಳಿಯೇ ಕಾರಣವಾಗಿರುವುದೂ ಉಂಟು. ಟೈರು ಸವೆಯುವವರೆಗೆ ಓಡಿಸಿ. ಆಮೇಲೆ ತಮ್ಮ ದಾರಿ ನೋಡಿ ನಿರ್ಧರಿಸಿ. ಮನೆ ಕೊರಟಗೆರೆ, ಕೆಲಸ ತುಮಕೂರು, ಓಡಾಟ ಹಗಲು ಎಂದಾದರೆ ಮಾಮೂಲಿ ಟ್ಯೂಬ್‌ಲೆಸ್ ಸಾಕು. ಅದರ ಪಂಚರನ್ನು ನಮ್ಮ ಯಾವ ಅಂಗಡಿಯವರೂ ಹಾಕಬಲ್ಲರು. ಹೆಣ್ಣುಮಕ್ಕಳು, ವಯಸ್ಸಾದವರು ರಾತ್ರಿ ಒಬ್ಬರೇ ಓಡಿಸಿಕೊಂಡು ಬರುವ ಕಾರಾದರೆ ರನ್-ಫ್ಲ್ಯಾಟನ್ನೇ ಉಳಿಸಿಕೊಳ್ಳಿ. ಕತ್ತಲಲ್ಲಿ ಇಳಿಯದೆ ಮುಂದಿನ ಊರು ಮುಟ್ಟುವುದಕ್ಕೆ ಬೆಲೆ ಕಟ್ಟಲಾಗದು.

ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಎರಡು ಅದು, ಎರಡು ಇದು ಬೇಡ. ಒಂದೇ ಸಾಲಿನಲ್ಲಿ ಒಂದು ಗಟ್ಟಿ, ಒಂದು ಮೆತ್ತಗಿನ ಟೈರಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಹುದು. ಮಾಮೂಲಿ ಟೈರಿಗೆ ಬಂದ ಮೇಲೆ ಸ್ಟೆಪ್ನಿಯನ್ನೋ ಪಂಪು, ಪಂಚರ್ ಕಿಟ್ಟನ್ನೋ ಕಾರಿನಲ್ಲಿಡುವುದನ್ನು ಮರೆಯಬೇಡಿ. ಒತ್ತಡದ ಎಚ್ಚರಿಕೆ ಕೆಲಸ ಮಾಡುತ್ತಿದೆಯೇ ಎಂದೂ ನೋಡಿಸಿ. ಪಾವಗಡದವರಿಗೆ ಒಂದು ಹೆಚ್ಚಿನ ಮಾತು. ರನ್-ಫ್ಲ್ಯಾಟ್ ಇದ್ದರೂ ತಾವು ಒಂದು ಪಂಪು, ಸಾಧ್ಯವಾದರೆ ಒಂದು ಸ್ಟೆಪ್ನಿಯನ್ನೂ ಇಟ್ಟುಕೊಳ್ಳಿ. ತಮ್ಮ ಅಳತೆಯ ಟೈರು ಎಲ್ಲಿ ಸಿಗುತ್ತದೆ, ತರಿಸಲು ಎಷ್ಟು ದಿನ ಬೇಕು ಎಂದು ಮೊದಲೇ ಒಂದು ಫೋನ್ ಮಾಡಿ ತಿಳಿದಿಟ್ಟುಕೊಳ್ಳಿ.

ಗಾಳಿಯ ಬಗ್ಗೆ ನಮ್ಮ ಕಡೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಬೇಸಿಗೆಯಲ್ಲಿ ಟೈರು ಒಡೆಯುತ್ತದೆ, ಅದಕ್ಕೇ ಗಾಳಿ ಕಡಿಮೆ ಹಿಡಿಸಬೇಕು. ಇದು ತಿರುಗುಮುರುಗು. ಗಾಳಿ ಕಡಿಮೆಯಾದಷ್ಟೂ ಪಕ್ಕೆ ಹೆಚ್ಚು ಬಾಗುತ್ತದೆ, ಹೆಚ್ಚು ಕಾಯುತ್ತದೆ. ಪಾವಗಡದ ತಿರುಮಣಿಗೆ ಸೋಲಾರ್ ಪಾರ್ಕನ್ನು ಕರೆತಂದ ಬಿಸಿಲು ನಮ್ಮದು. ಅದರ ಮೇಲೆ ಈ ಬಿಸಿಯೂ ಸೇರಿದರೆ ಟೈರು ತಾಳುವುದಿಲ್ಲ. ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಿರುವಷ್ಟೇ ಹಿಡಿಸಿ, ಟೈರು ತಣ್ಣಗಿರುವಾಗ ಹಿಡಿಸಿ. ಮನೆಮಂದಿಯೆಲ್ಲ ತುಂಬಿಕೊಂಡು ಜಾತ್ರೆಗೆ ಹೊರಟರೆ ಹಿಂದಿನ ಚಕ್ರಕ್ಕೆ ಬೇರೆ ಲೆಕ್ಕವನ್ನೂ ಅದೇ ಚೀಟಿ ಹೇಳಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತ. ಸಂಕೋಚವಿಲ್ಲದೆ ಕೇಳಿ. ನೈಟ್ರೋಜನ್‌ಗೆ ದುಡ್ಡು ಕೊಡುವುದು ತಮ್ಮ ಇಷ್ಟ. ನಾವು ಉಸಿರಾಡುವ ಗಾಳಿಯಲ್ಲೇ ಅದು ನೂರಕ್ಕೆ 78 ಪಾಲು ಇದೆ.

ಪಂಚರ್ ಅಂಗಡಿಯ ಅಣ್ಣಂದಿರಲ್ಲೂ ಒಂದು ಕೋರಿಕೆ. ರನ್-ಫ್ಲ್ಯಾಟ್ ಟೈರನ್ನು ಸಲಾಕೆ ಹಾಕಿ ಎಬ್ಬಿಸಿದರೆ ಅಂಚು ಹರಿಯುತ್ತದೆ, ಚಕ್ರದ ಒಳಗಿನ ಸೆನ್ಸರೂ ಮುರಿಯಬಹುದು. ತಕ್ಕ ಯಂತ್ರ ಇಲ್ಲದಿದ್ದರೆ "ಇದು ನನ್ನ ಕೈಲಾಗಲ್ಲ ಸಾರ್, ತುಮಕೂರಿಗೆ ಹೋಗಿ" ಎಂದುಬಿಡಿ. ಹಾಗೆ ಹೇಳಿದ ಅಂಗಡಿಯನ್ನೇ ಜನ ಮುಂದೆ ನಂಬುತ್ತಾರೆ. ಗಿರಾಕಿಗಳೇ, ಆ ಮಾತು ಕೇಳಿದಾಗ ಮುಖ ಗಂಟಿಕ್ಕಬೇಡಿ.

ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮಕ್ಕಳು ಊರಿನ ಅಪ್ಪನ ಕಾರನ್ನೂ ಒಮ್ಮೆ ನೋಡಲಿ. ಆಯುಧಪೂಜೆಯ ದಿನ ಹೇಗೂ ತೊಳೆದು, ಗಂಧ ಹಚ್ಚಿ, ಹೂವಿಡುತ್ತೇವೆ. ಅಂದೇ ನಾಲ್ಕು ಟೈರಿನ ಅಂಕಿ, ಗೀರು, ಪಕ್ಕೆ ನೋಡುವುದನ್ನು ಮನೆಯ ರೂಢಿ ಮಾಡಿಕೊಂಡರೆ ವರ್ಷಕ್ಕೊಂದು ತಪಾಸಣೆ ತಾನಾಗಿ ಆಗುತ್ತದೆ.

ಕೊನೆಗೆ, ತೆಗೆಸಿದ ಟೈರು. ಅದನ್ನು ಹಿತ್ತಲಲ್ಲಿ ಇಟ್ಟರೆ ಮಳೆನೀರು ನಿಂತು ಡೆಂಗಿ ಸೊಳ್ಳೆ ಹುಟ್ಟುತ್ತದೆ. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ಗೊತ್ತುಮಾಡಿತು. ಸುಟ್ಟರೆ ಆ ಹೊಗೆ ಬೀದಿಯವರೆಲ್ಲರ ಪುಪ್ಪುಸಕ್ಕೆ. ಹಳೆಯ ಟೈರನ್ನು ಹೊಸದು ಕೊಂಡ ಅಂಗಡಿಗೇ ಒಪ್ಪಿಸಿ. ಆದರೆ ಗಾಳಿಯಿಲ್ಲದೆ ಓಡಿದ ರನ್-ಫ್ಲ್ಯಾಟ್ ಹೊರನೋಟಕ್ಕೆ ಹೊಸದರಂತೆಯೇ ಇರುತ್ತದೆ. ಅದು ಸೆಕೆಂಡ್ ಹ್ಯಾಂಡ್ ಸಾಲಿಗೆ ಸೇರಿ, ಕಡಿಮೆ ಬೆಲೆಗೆ ಸಿಕ್ಕಿತೆಂದು ಯಾರೋ ಟ್ಯಾಕ್ಸಿ ಹುಡುಗ ಹಾಕಿಸಿಕೊಳ್ಳಬಹುದು. ದಯವಿಟ್ಟು ತಮ್ಮ ಕಣ್ಣೆದುರೇ ಅದರ ಪಕ್ಕೆ ಕತ್ತರಿಸಿ ಹಾಕಿಸಿ, ಆಮೇಲೆ ಅಂಗಡಿಯಿಂದ ಹೊರಡಿ.