ನಡೆದ್ರೆ ಮಾತ್ರ ಉಳಿಯೋ ದಾರಿ (ಭಾಗ 4)

ಫ್ರಾನ್ಸ್ ಅಂದ್ರೆ ಐಫೆಲ್ ಟವರ್ ಮುಂದೆ ಒಂದು ರೀಲ್, ಮುಗೀತು. ಹಳ್ಳಿ ಸುತ್ತೋದು ಟೈಮ್ ವೇಸ್ಟ್ ಅಂತೀರಲ್ಲ, ಸ್ವಲ್ಪ ಕೇಳಿ ಗುರೂ.

ಬರ್ಗಂಡಿಯಲ್ಲಿ ವೆಜ್ಲೇ ಅಂತ ಒಂದು ಬೆಟ್ಟದೂರಿದೆ. ಅಲ್ಲಿನ ಬೆಸಿಲಿಕಾ 1979ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಬಸ್ಸಿಳಿದು ಬಾಗಿಲ ಮುಂದೆ ಫೋಟೋ ತೆಗೆದು ಹೊರಟವರಿಗೆ ಸಿಗೋದು ಅದೊಂದೇ. ಆದರೆ 1146ರಲ್ಲಿ ಸಂತ ಬರ್ನಾರ್ಡ್ ಎರಡನೇ ಕ್ರುಸೇಡ್‌ಗೆ ಕರೆ ಕೊಟ್ಟದ್ದು ಚರ್ಚ್ ಒಳಗಲ್ಲ, ಹೊರಗಿನ ಇಳಿಜಾರಲ್ಲಿ. ಕೆಳಗೆ ಸೇಂ-ಪೇರ್ ಹಳ್ಳಿಯ ಗೋಥಿಕ್ ಚರ್ಚ್, ಅದರಾಚೆ ಉಪ್ಪುನೀರಿನ ಬುಗ್ಗೆ, ರೋಮನ್ ಕಾಲದ ಸ್ನಾನಗೃಹದ ಅವಶೇಷ. ಒಂದು ಸುತ್ತು ನಡೆದ್ರೆ ಇವೆಲ್ಲ ಒಂದೇ ಕಥೆಯಾಗಿ ಕೂಡುತ್ತವೆ.

ದಾರಿಗೆ ಟಿಕೆಟ್ ಇಲ್ಲ, ಹಾಗಂತ ಖರ್ಚಿಲ್ಲ ಅನ್ನಬೇಡಿ. ಇಂಥ ದಾರಿಗಳಲ್ಲಿ ಮರ, ಕಲ್ಲಿನ ಮೇಲೆ ಹಳದಿ ಗುರುತು ಬಳಿಯೋರು ಬಹುಪಾಲು ಸ್ವಯಂಸೇವಕರು. ಮೇಲಾಗಿ, ಜನ ಬಳಸೋದು ಬಿಟ್ಟ ಹಳ್ಳಿದಾರಿಯನ್ನ ಊರಿನ ಕೌನ್ಸಿಲ್ ಮಾರೋದಕ್ಕೆ ಅಲ್ಲಿನ ಕಾನೂನಲ್ಲೇ ಅವಕಾಶ ಇದೆ. ನಾವು ಓದಿದ ಡಿಪ್ರಿಸಿಯೇಷನ್‌ಗೆ ಪೂರ್ತಿ ಉಲ್ಟಾ: ಮೆಷಿನ್ ಬಳಸಿದಷ್ಟೂ ಸವೆಯುತ್ತೆ, ಈ ದಾರಿ ಬಳಸದಿದ್ರೆ ಹೋಗುತ್ತೆ.

ಮಾಸ್ಟರ್ಸ್‌ಗೆ ಅಂತ ಆ ಕಡೆ ಹೊರಟಿರೋರೇ, ಪ್ಯಾರಿಸ್‌ನಿಂದ ಒಂದು ದಿನ ಕಿತ್ತು ಹಳ್ಳಿಗೆ ಕೊಡಿ. ಲೈಕ್ ಒತ್ತಿದ್ರೆ ಆ ದಾರಿ ಉಳಿಯಲ್ಲ, ನಡೀಬೇಕು.