“ಸರ್ವರ್ ಇಲ್ರಿ, ನಾಳಿ ಬರ್ರಿ”: ಬ್ಯಾಂಕಿನ ಹಳೇ ಸಾಫ್ಟ್‌ವೇರ್‌ಗೆ ಬೆಲೆ ತೆರುತ್ತಿರುವವರು ಯಾರು?

ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿಲ್ಲ ಅಂದಾಗಲೆಲ್ಲ ನಮ್ಮ ಚರ್ಚೆ ಎರಡೇ ದಿಕ್ಕಿಗೆ ಓಡುತ್ತದೆ. ಸರ್ಕಾರದ ಬಳಿ ದುಡ್ಡಿಲ್ಲ ಅಂತ ಒಂದು ಕಡೆಯವರು, ಇಲಾಖೆ ಬಿಡುಗಡೆ ಮಾಡಿಯಾಗಿದೆ ಅಂತ ಇನ್ನೊಂದು ಕಡೆಯವರು. ಆದರೆ ಪಕ್ಕದ ಮನೆಯಾಕೆಗೆ ಬಂದು ತನಗೆ ಮಾತ್ರ ಬಾರದೇ ಇರುವ ಹೆಣ್ಣುಮಗಳ ಪ್ರಶ್ನೆಗೆ ಇವೆರಡೂ ಉತ್ತರವಾಗುವುದಿಲ್ಲ. ಆಳಂದ ತಾಲ್ಲೂಕಿನ ಸರಸಂಬಾದಂಥ ಊರುಗಳ ಆಕೆಗೆ ಬ್ಯಾಂಕಿನ ಕಿಟಕಿಯಲ್ಲಿ ಸಿಗುವುದು ಮೂರನೇ ಉತ್ತರ: “ಸರ್ವರ್ ಇಲ್ರಿ, ನಾಳಿ ಬರ್ರಿ.”

ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ‘ನಾಳೆ’ ಅನ್ನೋದು ಸಣ್ಣ ಮಾತಲ್ಲ. ಹಾಗಾಗಿ ಈ ‘ಸರ್ವರ್’ ಅಂದರೆ ಏನು ಅಂತ ರಾಜಕೀಯವಾಗಿಯೇ ಕೇಳಬೇಕಾಗಿದೆ.

ಹಿಂದೆ ಒಂದೊಂದು ಶಾಖೆಗೂ ಅದರದೇ ಲೆಡ್ಜರ್ ಇತ್ತು. ಆ ಲೆಡ್ಜರ್‌ಗಳನ್ನೆಲ್ಲ ಒಂದೇ ಕಡೆ ತಂದದ್ದು ಕೋರ್ ಬ್ಯಾಂಕಿಂಗ್, ಅಂದರೆ ಸಿಬಿಎಸ್. ಬೆಂಗಳೂರಿನ ಇನ್ಫೋಸಿಸ್‌ನ ಫಿನಾಕಲ್, ಟಿಸಿಎಸ್‌ನ ಬ್ಯಾಂಕ್ಸ್, ಈಗ ಒರಾಕಲ್ ಕೈಯಲ್ಲಿರುವ ಫ್ಲೆಕ್ಸ್‌ಕ್ಯೂಬ್: ದೇಶದ ಬಹುತೇಕ ದೊಡ್ಡ ಬ್ಯಾಂಕುಗಳು ನಿಂತಿರುವುದು ಈ ಮೂರರ ಮೇಲೆ. ಇವುಗಳಿಗೆ ಎಷ್ಟೇ ಹೊಸ ಆವೃತ್ತಿ ಬಂದಿದ್ದರೂ ಮೂಲ ಕಲ್ಪನೆ ಹಳೆಯದು. ಗ್ರಾಹಕ ಬೆಳಿಗ್ಗೆ ಹತ್ತಕ್ಕೆ ಶಾಖೆಗೆ ಬರುತ್ತಾನೆ, ಗುಮಾಸ್ತರು ನಮೂದಿಸುತ್ತಾರೆ, ಅಧಿಕಾರಿ ಒಪ್ಪಿಗೆ ಕೊಡುತ್ತಾರೆ, ಸಂಜೆ ಶಟರ್ ಬೀಳುತ್ತದೆ. ರಾತ್ರಿ ಯಂತ್ರ ಒಂಟಿಯಾಗಿ ಕೂತು ಬಡ್ಡಿ ಹಾಕಿ, ಲೆಕ್ಕ ತಾಳೆ ನೋಡಿ, ತಾರೀಖು ಬದಲಿಸುತ್ತದೆ. ಬ್ಯಾಂಕಿನವರು ಇದನ್ನು ‘ಡೇ ಎಂಡ್’ ಅನ್ನುತ್ತಾರೆ.

ಅಂಥ ಯಂತ್ರದ ಮೇಲೆ ಯುಪಿಐ ಬಂದು ಕೂತಿತು. 2025ರ ಆಗಸ್ಟ್‌ನಲ್ಲಿ ಅದರ ತಿಂಗಳ ವಹಿವಾಟಿನ ಸಂಖ್ಯೆ 2,000 ಕೋಟಿ ದಾಟಿತು. ಹತ್ತು ರೂಪಾಯಿಯ ಚಹಾಕ್ಕೂ ಬ್ಯಾಂಕಿನ ಮೂಲ ಲೆಡ್ಜರ್ ತೆರೆಯಬೇಕು, ಬರೆಯಬೇಕು, ಮುಚ್ಚಬೇಕು. ಇದು ಹೊರೆ ಅಂತ ವ್ಯವಸ್ಥೆಯೇ ಒಪ್ಪಿಕೊಂಡದ್ದಕ್ಕೆ ಸಾಕ್ಷಿ 2022ರಲ್ಲಿ ಬಂದ ಯುಪಿಐ ಲೈಟ್. ಸಣ್ಣ ಪಾವತಿಗಳು ಆ ಕ್ಷಣಕ್ಕೆ ಸಿಬಿಎಸ್ ಮುಟ್ಟದಂತೆ ಮಾಡುವುದೇ ಅದರ ಉದ್ದೇಶ. ಅನುಕೂಲ ಅಂತ ಅದನ್ನು ನಮಗೆ ಮಾರಿದರು, ಅನುಕೂಲ ಹೌದು ಕೂಡ. ಆದರೆ ಅದು ಹಳೇ ಗೋಡೆಗೆ ಕೊಟ್ಟ ಊರುಗೋಲು.

ಇಷ್ಟಾದರೂ ಮೊಬೈಲ್ ಇರುವವರಿಗೆ ಇನ್ನೊಂದು ಆ್ಯಪ್ ಇದೆ, ಇನ್ನೊಂದು ಬ್ಯಾಂಕ್ ಇದೆ. ಡಿಬಿಟಿ ಫಲಾನುಭವಿಗೆ ಆ ಆಯ್ಕೆ ಇಲ್ಲ. ಅಲ್ಲಿಗೆ ಬರೋಣ.

ಗೃಹಲಕ್ಷ್ಮಿ ಹಣ ಹೋಗುವುದು ಖಾತೆ ಸಂಖ್ಯೆ ಹಿಡಿದಲ್ಲ, ಆಧಾರ್ ಹಿಡಿದು. ಈ ದಾರಿಯಲ್ಲಿ ಎರಡು ಗೇಟುಗಳಿವೆ. ಮೊದಲನೆಯದು ಎನ್‌ಪಿಸಿಐ ಇಟ್ಟಿರುವ ಮ್ಯಾಪರ್. ಈ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವುದಷ್ಟೇ ಅದಕ್ಕೆ ಗೊತ್ತು, ಯಾವ ಖಾತೆ ಅನ್ನುವುದು ಗೊತ್ತಿಲ್ಲ. ಎರಡನೆಯದು ಆ ಬ್ಯಾಂಕಿನ ಸಿಬಿಎಸ್. ಖಾತೆಯನ್ನು ಹುಡುಕುವುದು ಅದರ ಕೆಲಸ. ಶಾಖೆಯ ಪರದೆಯಲ್ಲಿ “ಆಧಾರ್ ಲಿಂಕ್ ಆಗಿದೆ” ಅಂತ ಕಂಡರೆ ಎರಡನೇ ಗೇಟು ತೆರೆದಿದೆ ಎಂದಷ್ಟೇ ಅರ್ಥ. ಮೊದಲ ಗೇಟಿನಲ್ಲಿ ಬೇರೆ ಬ್ಯಾಂಕಿನ ಹೆಸರಿದ್ದರೆ ಹಣ ಅತ್ತ ಹೋಗುತ್ತದೆ. ಯಾವತ್ತೋ ಶಿಬಿರದಲ್ಲಿ ಹೆಬ್ಬೆಟ್ಟು ಒತ್ತಿ ತೆರೆದು ಮರೆತ ಖಾತೆಯೇ ಕೊನೆಯದಾಗಿ ಜೋಡಣೆಯಾಗಿದ್ದರೆ, ದುಡ್ಡು ಅಲ್ಲಿ ಬಿದ್ದಿರಬಹುದು. ಆ ಖಾತೆ ನಿಷ್ಕ್ರಿಯವಾಗಿದ್ದರೆ ವಾಪಸ್. ಇಲಾಖೆಯವರು “ಕಳಿಸಿದ್ದೇವೆ” ಅನ್ನುತ್ತಾರೆ, ಶಾಖೆಯವರು “ಲಿಂಕ್ ಐತ್ರಿ” ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎರಡೂ ಗೇಟನ್ನು ಒಟ್ಟಿಗೆ ನೋಡಿ ಹೇಳುವವರು ಮಾತ್ರ ಕಿಟಕಿಯ ಆಚೆ ಯಾರೂ ಇಲ್ಲ.

ಇನ್ನು ಹೆಸರಿನ ತಕರಾರು. ನಮ್ಮ ಬ್ಯಾಂಕುಗಳ ಲೆಡ್ಜರ್ ಗ್ರಾಹಕರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟುಕೊಳ್ಳುತ್ತದೆ. ಕಲಬುರಗಿ ಸೀಮೆಯಲ್ಲಿ ಮನೆಗೊಬ್ಬ ಶರಣಬಸಪ್ಪ, ಮನೆಗೊಬ್ಬ ಮಹಾದೇವಿ. ಶರಣಬಸಪ್ಪನ ನಡುವೆ ಒಂದು ‘ಎ’ ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಲಕ್ಷ್ಮಿಗೆ ಒಬ್ಬರು ‘ಕೆ-ಎಸ್-ಎಚ್’ ಬರೆದರೆ ಇನ್ನೊಬ್ಬರು ‘ಎಕ್ಸ್’ ಬರೆಯುತ್ತಾರೆ. ಆಧಾರ್‌ನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಕನ್ನಡದಲ್ಲಿ ಬರೆದರೆ ಮೂರೂ ಒಂದೇ ಹೆಸರು. ತಾಳೆಯಾಗಲಿಲ್ಲ ಅಂತ ಯಂತ್ರ ತಿರಸ್ಕರಿಸಿದಾಗ ತಿದ್ದುಪಡಿಗೆ ಅಲೆಯಬೇಕಾದವಳು ಲಕ್ಷ್ಮಿಯೇ. ಕನ್ನಡ ಹೋರಾಟದವರು ಎಟಿಎಂ ಪರದೆಯ ಭಾಷೆಗಾಗಿ ಗಲಾಟೆ ಮಾಡಿದ್ದು ಸರಿ, ಆದರೆ ಲೆಡ್ಜರಿನ ಒಳಗಿನ ಭಾಷೆಯನ್ನು ಕೇಳುವುದು ಅದಕ್ಕಿಂತ ಮುಖ್ಯ.

ಈ ಸಾಫ್ಟ್‌ವೇರ್‌ಗಳಿಗೆ ಖಾತೆ ಗೊತ್ತು, ಕುಟುಂಬ ಗೊತ್ತಿಲ್ಲ. 2018ರ ಸಾಲಮನ್ನಾ ನೆನಪಿಸಿಕೊಳ್ಳಿ. ವಾಣಿಜ್ಯ ಬ್ಯಾಂಕುಗಳ ಬೆಳೆಸಾಲದಲ್ಲಿ ಕುಟುಂಬಕ್ಕೆ 2 ಲಕ್ಷ, ಸಹಕಾರ ಸಂಘಗಳಲ್ಲಿ 1 ಲಕ್ಷ ಅಂತ ಮಿತಿ ಇಟ್ಟರು. ಯಾವ ಸಾಲದ ಖಾತೆಗಳು ಒಂದೇ ಮನೆಯವು ಅಂತ ಹೇಳಬಲ್ಲ ಬ್ಯಾಂಕ್ ಇರಲಿಲ್ಲ. ಕೊನೆಗೆ ರಾಜ್ಯ ಸರ್ಕಾರವೇ ಬೇರೆ ತಂತ್ರಾಂಶ ಮಾಡಿ, ಆಧಾರ್, ರೇಷನ್ ಕಾರ್ಡ್, ಸರ್ವೆ ನಂಬರ್ ಕೇಳಿ ಜೋಡಿಸಬೇಕಾಯಿತು. ಮತ್ತೆ ಸಾಲಿನಲ್ಲಿ ನಿಂತವರು ರೈತರು.

ಬ್ಯಾಂಕ್ ವಿಲೀನದ ವಿಷಯ ಇನ್ನೂ ಕುತೂಹಲಕರ. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, ಕೇಂದ್ರ ಕಚೇರಿ ಬಳ್ಳಾರಿಗೆ ಹೋಯಿತು. 2019ರಲ್ಲಿ ಅದು ಕಾವೇರಿ ಗ್ರಾಮೀಣ ಬ್ಯಾಂಕ್ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ ಅದರೊಳಕ್ಕೆ. ಹನ್ನೆರಡು ವರ್ಷದಲ್ಲಿ ಮೂರು ವಿಲೀನ. 2019ರಲ್ಲಿ ಪ್ರಗತಿ ಕೃಷ್ಣಾ ಎಂಬ ಹೆಸರು ಬೋರ್ಡಿನಿಂದ ಹೋದರೂ ಐಎಫ್‌ಎಸ್‌ಸಿ ಕೋಡಿನಲ್ಲಿ ‘ಪಿಕೆಜಿಬಿ’ ಆಗಿ ವರ್ಷಗಟ್ಟಲೆ ಉಳಿಯಿತು. ಅತ್ತ ಸಿಂಡಿಕೇಟ್ ಬ್ಯಾಂಕಿನ ಗ್ರಾಹಕರ ಹಳೇ ಕೋಡು 2021ರ ಜುಲೈ 1ರಿಂದ ಕೆಲಸ ಮಾಡುವುದನ್ನೇ ನಿಲ್ಲಿಸಿತು. ನಿಜಾಮರ ಕಾಲದಲ್ಲಿ, 1941ರಲ್ಲಿ ಶುರುವಾದ ಹೈದರಾಬಾದ್ ಬ್ಯಾಂಕ್ 2017ರಲ್ಲಿ ಎಸ್‌ಬಿಐ ಸೇರಿತು. 2019ರ ಆಗಸ್ಟ್‌ನಲ್ಲಿ ದೊಡ್ಡ ವಿಲೀನಗಳನ್ನು ಘೋಷಿಸುವಾಗ ಕೇಂದ್ರ ಸರ್ಕಾರ ಕೊಟ್ಟ ಸಮರ್ಥನೆಗಳಲ್ಲಿ ಒಂದು, ಈ ಬ್ಯಾಂಕುಗಳದು ಒಂದೇ ಸಿಬಿಎಸ್ ಅನ್ನುವುದು. ಊರಿನ ಬ್ಯಾಂಕ್ ಯಾವುದರ ಜೊತೆ ಸೇರಬೇಕು ಅನ್ನುವುದರಲ್ಲಿ ಸಾಫ್ಟ್‌ವೇರ್ ಕೂಡ ಮತ ಹಾಕಿದೆ ಅಂದ ಹಾಗಾಯಿತು!

ಹಳೆಯ ವ್ಯವಸ್ಥೆಗೆ ಹೊಸದನ್ನು ತೇಪೆ ಹಾಕಿದಲ್ಲಿ ಹೊಲಿಗೆ ಬಿಡುತ್ತದೆ. ಪಂಜಾಬ್ ನ್ಯಾಷನಲ್ ಬ್ಯಾಂಕಿನ 13,000 ಕೋಟಿಗೂ ಮೀರಿದ ಹಗರಣ ವರ್ಷಗಳ ಕಾಲ ಕಾಣದೇ ಇದ್ದದ್ದು ಹಾಗೆ. ಖಾತರಿ ಪತ್ರಗಳ ಸಂದೇಶ ಸ್ವಿಫ್ಟ್ ಜಾಲದಲ್ಲಿ ಹೋಗುತ್ತಿತ್ತು, ಸಿಬಿಎಸ್‌ನಲ್ಲಿ ನಮೂದೇ ಇರಲಿಲ್ಲ, ಎರಡರ ನಡುವೆ ಕೊಂಡಿ ಇರಲಿಲ್ಲ. 2016ರಿಂದ ಮೂರು ಸಲವಾದರೂ ಎಚ್ಚರಿಸಿದ್ದೆವು ಅಂತ ಆರ್‌ಬಿಐ ಹೇಳಿದ್ದು 2018ರಲ್ಲಿ, ಎಲ್ಲ ಮುಗಿದ ಮೇಲೆ. 2023ರ ನವೆಂಬರ್‌ನಲ್ಲಿ ಯೂಕೋ ಬ್ಯಾಂಕಿನ ಖಾತೆಗಳಿಗೆ ಸುಮಾರು 820 ಕೋಟಿ ರೂಪಾಯಿ ತಪ್ಪಾಗಿ ಜಮಾ ಆಯಿತು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾದಾಗ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ನಿಂತಿತು. ಸಣ್ಣ ಬ್ಯಾಂಕಿಗೆ ಸ್ವಂತ ಸಿಬಿಎಸ್ ಸಾಕುವ ಶಕ್ತಿ ಇಲ್ಲ, ಬಾಡಿಗೆಗೆ ತರುತ್ತದೆ, ಮನೆಯ ಮಾಲೀಕನಿಗೆ ಜ್ವರ ಬಂದರೆ ಬಾಡಿಗೆದಾರರೆಲ್ಲ ಮಲಗಬೇಕು.

ದೊಡ್ಡ ಬ್ಯಾಂಕ್ ಕೈಕೊಟ್ಟರೆ ನಗರದವರು ಕೂಗುತ್ತಾರೆ, ನಿಯಂತ್ರಕರು ಎಚ್ಚರಾಗುತ್ತಾರೆ. 2020ರಲ್ಲಿ ಎಚ್‌ಡಿಎಫ್‌ಸಿಗೆ, 2024ರಲ್ಲಿ ಕೋಟಕ್‌ಗೆ ಹೊಸ ಕ್ರೆಡಿಟ್ ಕಾರ್ಡ್ ಕೊಡಬೇಡಿ ಅಂತ ಆರ್‌ಬಿಐ ತಡೆ ಹಾಕಿತು. ಸರಿಯಾದ ಕ್ರಮವೇ. ಗಡಿ ತಾಲ್ಲೂಕಿನ ಶಾಖೆಯಲ್ಲಿ ಮೂರು ದಿನ ಕನೆಕ್ಷನ್ ಇಲ್ಲದಿದ್ದರೆ ಮಾತ್ರ ಅಲ್ಲಿನ ಕ್ಯಾಷಿಯರ್ ಬೈಸಿಕೊಳ್ಳುತ್ತಾನೆ, ಅಷ್ಟೇ.

ಆದರೆ ಕಾನೂನು ಖಾಲಿ ಇಲ್ಲ. 2019ರ ಸೆಪ್ಟೆಂಬರ್ 20ರ ಆರ್‌ಬಿಐ ಸುತ್ತೋಲೆ ಪ್ರಕಾರ ಆಧಾರ್ ಮೂಲಕ ಬಂದ ಹಣವನ್ನು ಬ್ಯಾಂಕ್ ಮರುದಿನದೊಳಗೆ ಜಮಾ ಮಾಡಬೇಕು, ಇಲ್ಲವೇ ಹಿಂದಿರುಗಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ದೂರು ಕೊಡುವ ಮೊದಲೇ, ತಾನಾಗಿ. ಇದರ ತೊಡಕು ಏನೆಂದರೆ ಮ್ಯಾಪರ್ ತಪ್ಪಿನಿಂದ ಹಣ ಅದೇ ದಿನ ವಾಪಸಾದರೆ ಯಾರೂ ತಡಮಾಡಿದಂತಲ್ಲ, ಹಾಗಾಗಿ ಯಾರೂ ಹೊಣೆಯಲ್ಲ.

ಯುಪಿಐ ವಿಷಯದಲ್ಲಿ ಯಾವ ಬ್ಯಾಂಕಿನ ತಾಂತ್ರಿಕ ದೋಷದಿಂದ ಎಷ್ಟು ಪಾವತಿ ಬಿದ್ದುಹೋಯಿತು ಅಂತ ಎನ್‌ಪಿಸಿಐ ತಿಂಗಳು ತಿಂಗಳು ಪ್ರಕಟಿಸುತ್ತದೆ. ವಾಪಸಾದ ಡಿಬಿಟಿಗೂ ಅದೇ ಬೇಕು: ಬ್ಯಾಂಕುವಾರು, ತಾಲ್ಲೂಕುವಾರು, ಕಾರಣ ಸಮೇತ, ಕನ್ನಡದಲ್ಲಿ. ತಾಲ್ಲೂಕು ಮಟ್ಟದ ಬ್ಯಾಂಕರುಗಳ ಸಭೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಆಳಂದದ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು. ಅಲ್ಲಿಯವರೆಗೆ, ಊರಿನಲ್ಲಿ ಸ್ಮಾರ್ಟ್‌ಫೋನ್ ಇರುವ ಹುಡುಗ ಹುಡುಗಿಯರು ಮಾಡಬಹುದಾದ ಕೆಲಸ ಒಂದಿದೆ. ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಮೊದಲ ಗೇಟಿನಲ್ಲಿ ಯಾವ ಬ್ಯಾಂಕಿನ ಹೆಸರಿದೆ, ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ಅಂತ ತೋರಿಸುತ್ತದೆ. ಆಧಾರ್‌ಗೆ ಜೋಡಿಸಿದ ಫೋನಿಗೆ ಒಟಿಪಿ ಬರುತ್ತದೆ, ಹಾಗಾಗಿ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.