ಕಥೆಗಾರರಿಂದ ಕಥೆ ಓದಿಸಿ

ಹೋದ ವರ್ಷ ನಮ್ಮ ಸೀಮೆಯ ಒಂದು ಊರಿನಲ್ಲಿ ಕಥಾಸಂಕಲನದ ಬಿಡುಗಡೆಗೆ ಹೋಗಿದ್ದೆವು. ಹತ್ತೂವರೆಗೆ ಎಂದಿದ್ದ ಸಮಾರಂಭ ಶುರುವಾದದ್ದು ಹನ್ನೆರಡಕ್ಕೆ. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಬಿಡುಗಡೆ, ಅತಿಥಿಗಳ ಮಾತು, ಶಾಲು, ಹಾರ, ಹಣ್ಣಿನ ಬುಟ್ಟಿ. ಬಿ.ಎಂ.ಶ್ರೀ. ಹುಟ್ಟಿದ ಸಂಪಿಗೆ ನಮ್ಮ ತುರುವೇಕೆರೆ ತಾಲ್ಲೂಕಿನದು, ತೀ.ನಂ.ಶ್ರೀ. ಹುಟ್ಟಿದ ತೀರ್ಥಪುರ ನಮ್ಮ ಚಿಕ್ಕನಾಯಕನಹಳ್ಳಿಯದು ಎಂದು ಮೂವರು ಭಾಷಣಕಾರರು ಒಬ್ಬರಾದ ಮೇಲೊಬ್ಬರು ಹೇಳಿದರು. ಕಥೆಗಾರರ ಸರದಿ ಬರುವ ಹೊತ್ತಿಗೆ ಎರಡು ಗಂಟೆ ದಾಟಿತ್ತು, ಹಿಂದುಗಡೆ ಊಟಕ್ಕೆ ಎಲೆ ಹಾಕುತ್ತಿದ್ದರು. ಅವರು ಎದ್ದು ನಿಂತು ಎಲ್ಲರಿಗೂ ವಂದನೆ ಹೇಳಿ ಕೂತರು. ಅವರ ಕೈಯಲ್ಲಿದ್ದ ಪುಸ್ತಕದ ಒಂದು ಪುಟಕ್ಕೆ ಬಸ್ ಟಿಕೆಟ್ ಗುರುತಿಟ್ಟಿದ್ದದ್ದು ಮುಂದಿನ ಸಾಲಿನಲ್ಲಿದ್ದ ನಮಗೆ ಕಾಣುತ್ತಿತ್ತು. ಆ ಪುಟವನ್ನು ಯಾರೂ ಓದಿಸಲಿಲ್ಲ.

ಅವತ್ತಿನಿಂದ ಮನಸ್ಸಿನಲ್ಲೇ ಕೊರೆಯುತ್ತಿದ್ದ ಮಾತನ್ನು ಈಗ ಬರೆಯುತ್ತಿದ್ದೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಪಂಚಾಯಿತಿ ಗ್ರಂಥಾಲಯಗಳಲ್ಲಿ ತಿಂಗಳಿಗೊಂದು ಸಂಜೆ ಈ ಸೀಮೆಯ ಒಬ್ಬ ಕಥೆಗಾರರನ್ನೋ ಕಥೆಗಾರ್ತಿಯನ್ನೋ ಕರೆದು ಕೂರಿಸಿ, ಅವರ ಒಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ಅವರ ಬಾಯಲ್ಲೇ ಓದಿಸಬೇಕು. ವೇದಿಕೆ ಬೇಡ, ಅಧ್ಯಕ್ಷತೆ ಬೇಡ, ಶಾಲು ಬೇಡ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಿಂದಲೇ ಇದು ಶುರುವಾಗಲಿ.

ಜಾಗ ಹುಡುಕುವ ಕಷ್ಟವೂ ಇಲ್ಲ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ನವೆಂಬರಿನಲ್ಲಿ ‘ಓದುವ ಬೆಳಕು’ ಶುರುವಾಗಿ ಹಳ್ಳಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವುಗಳಿಗೆ ಅರಿವು ಕೇಂದ್ರ ಎಂಬ ಹೆಸರಿದೆ. ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚಿವೆ. ಬಣ್ಣ ಬಳಿದ ಗೋಡೆ, ಕಂಪ್ಯೂಟರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಬೆಳಿಗ್ಗೆ ಪತ್ರಿಕೆಗೆ ಬರುವ ಹಿರಿಯರು, ಇದೆಲ್ಲ ಕಣ್ಣಿಗೆ ಹಬ್ಬ. ಇದಕ್ಕಾಗಿ ದುಡಿದ ಅಧಿಕಾರಿಗಳಿಗೂ ಕಡಿಮೆ ಸಂಬಳದಲ್ಲಿ ಬಾಗಿಲು ತೆರೆಯುತ್ತಿರುವ ಮೇಲ್ವಿಚಾರಕರಿಗೂ ನಾವು ಋಣಿ. ಆದರೆ ಆ ಕಪಾಟುಗಳ ಮುಂದೆ ನಿಂತು ಇದೇ ತಾಲ್ಲೂಕಿನವರು ಬರೆದ ಕಥೆಯ ಪುಸ್ತಕ ಯಾವುದಿದೆ ಎಂದು ಕೇಳಿ ನೋಡಿ. ಹುಡುಕಿ ಕೊಡಲು ಬಹಳ ಹೊತ್ತು ಬೇಕಾಗುತ್ತದೆ.

ಬರೆಯುವವರಿಗೇನು ಇಲ್ಲಿ ಬರವಿಲ್ಲ. ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’ ಸಂಕಲನಕ್ಕೆ 2024ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಸ್. ಗಂಗಾಧರಯ್ಯನವರಂಥ ಕಥೆಗಾರರಿದ್ದಾರೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ನಡೆಯುವುದೇ ತಿಪಟೂರು, ಚನ್ನರಾಯಪಟ್ಟಣ ಕಡೆಯ ಹಳ್ಳಿಗಳಲ್ಲಿ. ಅರಸೀಕೆರೆಯಲ್ಲಿ ಗಾಡಿ ಬದಲಿಸಿದರೆ ಹಾಸನ. ಅಲ್ಲಿ ಕೂತು ಬಾನು ಮುಷ್ತಾಕ್ ಬರೆದ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದವು. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಸುದ್ದಿ ಬಂದ ವಾರ ನಮ್ಮೂರ ಹೋಟೆಲಿನಲ್ಲೂ ಅದೇ ಮಾತು. ಕಥೆ ಓದಿದ್ದೀರಾ ಎಂದರೆ ಹೆಚ್ಚಿನವರು ಇಲ್ಲ ಎಂದರು, ಸಿಕ್ಕರೆ ಓದುತ್ತೇವೆ ಎಂದರು. ಆ ‘ಸಿಕ್ಕರೆ’ ಎಂಬ ಮಾತಿಗೆ ಗ್ರಂಥಾಲಯ ಉತ್ತರ ಕೊಡಬೇಕು.

ಪುಸ್ತಕ ಇಟ್ಟರೆ ಸಾಲದೇ, ಗಟ್ಟಿಯಾಗಿ ಯಾಕೆ ಓದಿಸಬೇಕು ಎಂದು ಕೆಲವರು ಕೇಳಿದ್ದಾರೆ. ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟ ಮೇಲೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಹೇಗೆ ನೋಡುತ್ತೇವೆ? ಒಂದನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಕುಲುಕುತ್ತೇವೆ. ನೀರಿನ ಸದ್ದು ಬಂದರೆ ಇನ್ನೂ ಆಗಿಲ್ಲ. ಗಿಟುಕು ಚಿಪ್ಪು ಬಿಟ್ಟು ಗಡಗಡ ಎಂದರೆ ಸುಲಿಯಬಹುದು. ಕಥೆಯೂ ಕಿವಿಗೆ ಬಿದ್ದಾಗಲೇ ಅದರ ಹದ ಗೊತ್ತಾಗುವುದು. ಬರೆದವರಿಗೇ ಮೊದಲು ಗೊತ್ತಾಗುತ್ತದೆ. ಎಲ್ಲಿ ಎಳೆದಿದ್ದೇವೆ, ಯಾವ ಮಾತು ಆ ಪಾತ್ರದ ಬಾಯಿಗೆ ಸಲ್ಲದು ಎಂಬುದು ಎದುರಿಗೆ ಕೂತವರ ಮುಖದಲ್ಲಿ ಕಾಣುತ್ತದೆ. ಮಾತಿನ ವಿಷಯದಲ್ಲಿ ನಮ್ಮ ಜನಕ್ಕೆ ಮೋಸ ಮಾಡಲಾಗುವುದಿಲ್ಲ. ತೋಟದ ಕೆಲಸದವನೊಬ್ಬ ಕಥೆಯಲ್ಲಿ ಪೇಟೆಯವನಂತೆ ಮಾತಾಡಿದರೆ ಹಿಂದೆ ಕೂತ ಅಜ್ಜಿಯೇ ತಿದ್ದುತ್ತಾಳೆ.

ಆ ಅಜ್ಜಿಯ ಸಲುವಾಗಿಯೂ ಈ ಓದು ಬೇಕು. ಅಕ್ಷರ ಬಾರದವರು, ಕಣ್ಣು ಮಂಜಾದವರು, ದಿನವಿಡೀ ಕಾಯಿ ಸುಲಿದು ಬಂದು ಅಕ್ಷರಕ್ಕೆ ಕಣ್ಣು ಕೂರಿಸಲಾಗದವರು ನಮ್ಮಲ್ಲಿ ಬಹಳ. ಇವರೆಲ್ಲ ಕೇಳಿಯೇ ಬೆಳೆದವರು. ಒಬ್ಬರು ಕುಮಾರವ್ಯಾಸ ಭಾರತ ವಾಚಿಸುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಗುಡಿಯ ಜಗುಲಿ ತುಂಬುತ್ತಿತ್ತು. ಮೂಡಲಪಾಯಕ್ಕೆ ಬೆಳಗಿನವರೆಗೆ ಕೂರುತ್ತಿದ್ದ ಜನ ಇವರು. ಮುಕ್ಕಾಲು ಗಂಟೆಯ ಕಥೆಗೆ ಕೂರಲಾರರೆಂದು ನಾವು ಯಾಕೆ ತೀರ್ಮಾನಿಸಬೇಕು?

ಓದು ಕೇಳುವ ಆಸೆ ನಮ್ಮ ಜನಕ್ಕೆ ಮಾತ್ರವಲ್ಲ. ಕ್ಯೂಬಾದ ಹವಾನಾದಲ್ಲಿ 1865ರಲ್ಲಿ ಚುಟ್ಟಾ ಕಾರ್ಖಾನೆಯ ಕೆಲಸಗಾರರು ತಮಗೆ ಓದಿ ಹೇಳಲು ಒಬ್ಬರನ್ನು ಗೊತ್ತುಮಾಡಿಕೊಂಡರು. ಅವರ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಕೈ ಹೊಗೆಸೊಪ್ಪು ಸುತ್ತುತ್ತಿದ್ದರೆ ಕಿವಿಗೆ ಪತ್ರಿಕೆ, ಕಾದಂಬರಿ. ಅಲ್ಲಿ ಡ್ಯೂಮಾನ ಮಾಂಟೆಕ್ರಿಸ್ಟೋ ಕಾದಂಬರಿ ಎಷ್ಟು ಹಿಡಿಸಿತೆಂದರೆ ಮುಂದೆ ಒಂದು ಚುಟ್ಟಾಕ್ಕೆ ಅದೇ ಹೆಸರು ಬಂತು. ಕೂಲಿಯವರಿಗೆ ಸಾಹಿತ್ಯ ಯಾಕೆ ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರು ಇದನ್ನು ತಿಳಿಯಬೇಕು.

ಹೇಗೆ ನಡೆಸಬೇಕು ಎಂಬುದಕ್ಕೆ ಒಂದೆರಡು ಮಾತು. ಸಂಜೆ ಆರೂವರೆಯ ಮೇಲೆ ಇಡಿ, ಹಾಲು ಕರೆದು ಡೇರಿಗೆ ಹಾಕಿ ಬಂದವರೂ ಕೂರಬಹುದು. ಮೈಕ್ ಬೇಡ, ಆ ಕೋಣೆಗೆ ಒಂದು ಗಂಟಲು ಸಾಕು. ಕಥೆ ಮುಗಿದ ಮೇಲೆ ಕೇಳಿದವರು ಮಾತಾಡಲಿ, ಬರೆದವರು ಕೇಳಲಿ. ಎಂಟೇ ಜನ ಬಂದರೂ ಮುಂದಿನ ತಿಂಗಳು ನಿಲ್ಲಿಸಬೇಡಿ. ಓದಲು ಬಂದ ಕಥೆಗಾರರಿಗೆ ಹಾರದ ದುಡ್ಡನ್ನು ಬಸ್ ಚಾರ್ಜಾಗಿ ಕೊಡಿ, ಅವರ ಪುಸ್ತಕದ ನಾಲ್ಕು ಪ್ರತಿಯನ್ನು ಹಣ ಕೊಟ್ಟು ಕೊಂಡು ಕಪಾಟಿನಲ್ಲಿಡಿ. ಗೌರವ ಪ್ರತಿ ಕೇಳುವ ಅಭ್ಯಾಸ ಬಿಡಬೇಕು. ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸಿ, ಮನೆಯಲ್ಲಿ ಕಟ್ಟು ಕಟ್ಟಿಟ್ಟುಕೊಂಡ ಎಷ್ಟೋ ಕಥೆಗಾರರನ್ನು ನಾವು ಬಲ್ಲೆವು.

ಅರಳಗುಪ್ಪೆಯನ್ನು ಮೊದಲು ಹೆಸರಿಸಿದ್ದಕ್ಕೆ ಕಾರಣವಿದೆ. ಕಲ್ಲೇಶ್ವರನ ಗುಡಿಯ ಚಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುತ್ತಿರುವ ಶಿವನನ್ನು ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. 13ನೇ ಶತಮಾನದ ಚೆನ್ನಕೇಶವ ಗುಡಿಯನ್ನು ಕಡೆದ ಹೊನ್ನೋಜನ ಹೆಸರನ್ನು ಊರು ಇವತ್ತಿಗೂ ಹೇಳುತ್ತದೆ. ಕೆಲಸ ಮಾಡಿದವನ ಹೆಸರನ್ನು ಇಷ್ಟು ಕಾಲ ಉಳಿಸಿಕೊಂಡ ಊರಿಗೆ ಪಕ್ಕದ ಹಳ್ಳಿಯಲ್ಲಿ ಕೂತು ಬರೆಯುತ್ತಿರುವವರ ಹೆಸರೂ ಗೊತ್ತಿರಬೇಕು. ರೈಲು ನಿಲ್ದಾಣವೂ ಊರಿಗಿದೆ, ಹೊರಗಿನಿಂದ ಬರುವ ಬರಹಗಾರರಿಗೂ ತೊಂದರೆಯಿಲ್ಲ.

ಓದುಗರಲ್ಲಿ ಒಂದು ಮನವಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ, ಶಿಕ್ಷಣದ ಸಾಲಿನಲ್ಲೇ ಗ್ರಂಥಾಲಯ ಕರ ಎಂದಿರುತ್ತದೆ. ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿ. ಮುಂದಿನ ಗ್ರಾಮಸಭೆಗೆ ಆ ರಸೀದಿ ಹಿಡಿದು ಹೋಗಿ. ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಎದ್ದು ನಿಂತು, ನಮ್ಮ ಗ್ರಂಥಾಲಯದಲ್ಲಿ ಕಥೆ ಓದಿಸುವುದು ಯಾವ ಸಂಜೆ ಎಂದು ಕೇಳಿ.